ಸಾರಿಲ್ಲದ ಮುದ್ದೆ: ಒಣ ನೆಲದಲ್ಲಿ ಅವರೆಗೆ ಗೊಬ್ಬರ ಯಾಕೆ ಹತ್ತುವುದಿಲ್ಲ?

ಮಳೆ ಕೈಕೊಟ್ಟ ವರ್ಷ ಅವರೆ ಎಲೆ ಹಳದಿಯಾಗುತ್ತದೆ. ಬದುವಿನ ಮೇಲೆ ನಿಂತು ನೋಡುವ ನಮಗೆ ತೋಚುವುದು ಒಂದೇ: ಗೊಬ್ಬರ ಸಾಲಲಿಲ್ಲ, ಒಂದಿಷ್ಟು ಯೂರಿಯಾ ಹಾಕೋಣ. ನಾನೂ ಹಾಗೇ ಮಾಡಿದವನು. ಹಾಕಿ ಕೆಟ್ಟವನು. ಯಾಕೆ ಕೆಟ್ಟೆ ಅಂತ ತಿಳಿಯೋಕೆ ಎರಡು ಬೆಳೆ ಬೇಕಾಯ್ತು. ನಾನು ಓದಿದ್ದು ಏಳನೇ ಕ್ಲಾಸು. ಕೇಳಿ, ನೋಡಿ, ಗಿಡ ಕಿತ್ತು ತಿಳಿದದ್ದನ್ನು ಮಳೆ ನಂಬಿದ ನನ್ನಂಥವರಿಗಾಗಿ ಬರೆದಿದ್ದೇನೆ.

ನಮ್ಮದು ಕೋಲಾರದ ಕಡೆ. ಮೂರು ಎಕರೆ ಕೆಂಪು ಮಣ್ಣು, ಎಲ್ಲಾ ಖುಷ್ಕಿ. ಎಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಅವರೆ ಬಿಡುತ್ತೇವೆ. ಬೀಜ ಮನೆಯದೇ. ನಮ್ಮಮ್ಮ ಬೂದಿ ಬೆರೆಸಿ ಮಡಕೆಯಲ್ಲಿ ಇಡುತ್ತಿದ್ದ ನಾಟಿ ಅವರೆ, ಒಳ್ಳೆ ಸೊಗಡಿನದು. ಇದು ಹಗಲು ಕಡಿಮೆಯಾದ ಮೇಲೇ ಹೂ ಬಿಡುವ ಜಾತಿ. ರಾಗಿ ಕೊಯ್ದ ಮೇಲೂ ನೆಲದಲ್ಲಿ ಉಳಿದ ಪಸೆಯನ್ನೇ ನಂಬಿ ನಿಂತು ಕಾಯಿ ಕೊಡುತ್ತದೆ. ಮನೆ ಖರ್ಚಿಗೆ ಕೈಗೆ ಸಿಗುವ ಕಾಸು ಅಂದರೆ ಇದೇ ಅವರೆಕಾಯಿ.

2023ರಲ್ಲಿ ಆದದ್ದು

ಆ ವರ್ಷದ ಆಗಸ್ಟ್ ಯಾರೂ ಮರೆಯೋ ಹಾಗಿಲ್ಲ. 1901ರಿಂದ ಲೆಕ್ಕ ಇಟ್ಟ ಮೇಲೆ ಇಡೀ ದೇಶದಲ್ಲಿ ಅಷ್ಟು ಕಡಿಮೆ ಮಳೆ ಬಿದ್ದ ಆಗಸ್ಟ್ ಇನ್ನೊಂದಿಲ್ಲ ಅಂತ ಹವಾಮಾನ ಇಲಾಖೆ ಹೇಳಿತು. ನಮ್ಮ ಹೊಲದಲ್ಲಿ ಆಶ್ಲೇಷ, ಮಖೆ ಎರಡೂ ಬರೀ ಗಾಳಿ. ಒಂದು ತಿಂಗಳ ಅವರೆ ಗೇಣುದ್ದಕ್ಕೇ ನಿಂತುಹೋಯ್ತು. ಬುಡದ ಎಲೆ ಹಳದಿ ತಿರುಗಿತು.

ಪೇಟೆಯ ಅಂಗಡಿಯಲ್ಲಿ ಕೇಳಿದೆ. ಯೂರಿಯಾ ಕೊಟ್ಟರು, ಜೊತೆಗೆ ಒಂದು ಟಾನಿಕ್ ಬಾಟಲಿ. ಅದಕ್ಕೂ ಹಿಂದಿನ ಬಾಕಿಗೂ ಒಂದು ಮೇಕೆ ಮಾರಿದೆ. ಯೂರಿಯಾ ತಂದು ಸಾಲಿನ ಬುಡಕ್ಕೆ ಚೆಲ್ಲುವಾಗ ನಮ್ಮ ಮನೆಯವಳು ಒಂದು ಮಾತು ಅಂದ್ಲು: “ಸಾರಿಲ್ದೆ ಮುದ್ದೆ ಇಳೀತದಾ? ನೆಲ ಒಣಗಿರೋವಾಗ ಇದ್ನ ಹಾಕಿ ಏನ್ ಮಾಡ್ತೀರ?” ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ವಾರದಲ್ಲಿ ಎಲೆಯ ಅಂಚು ಸುಟ್ಟ ಹಾಗಾಯ್ತು. ಆಮೇಲೆ ಉತ್ತರೆಯಲ್ಲಿ ಒಂದು ಹದ ಬಿತ್ತು. ಅಳಿದುಳಿದ ಯೂರಿಯಾ ಒಮ್ಮೆಗೇ ಕರಗಿ ಗಿಡ ಮೆತ್ತಗೆ ಚಿಗುರಿತು. ಚಿಗುರಿನ ತುಂಬ ಕರಿಹೇನು. ಹೂವಿನ ಕಾಲಕ್ಕೆ ಮತ್ತೆ ನೆಲ ಒಣಗಿ ಮೊಗ್ಗು ಉದುರಿತು. ಮಾರೋಕೆ ಕಾಯಿ ಇರಲಿ, ಬೀಜಕ್ಕೆ ಉಳಿದದ್ದು ಒಂದು ಸೇರು. ಅದೂ ಸುಕ್ಕು ಕಾಳು. ಅಮ್ಮನ ಕಾಲದ ಬೀಜ ನನ್ನ ಕೈಯಲ್ಲೇ ಮುಗಿದು ಹೋಗ್ತಿತ್ತಲ್ಲ ಅಂತ ಆ ವರ್ಷ ಹೆದರಿಕೆಯಾದದ್ದು ನಿಜ.

ಮಣ್ಣಲ್ಲಿತ್ತು, ಗಿಡಕ್ಕಿರಲಿಲ್ಲ

ಆಮೇಲೆ ಮಣ್ಣು ಪರೀಕ್ಷೆಗೆ ಕೊಟ್ಟೆ. ಬಂದ ಚೀಟಿಯಲ್ಲಿ ರಂಜಕ ಮಧ್ಯಮ, ಪೊಟ್ಯಾಷ್ ಮಧ್ಯಮ ಅಂತಿತ್ತು. ಅಂದರೆ ನೆಲ ಬರಿದಾಗಿರಲಿಲ್ಲ. ಹಾಗಾದರೆ ಗಿಡ ಯಾಕೆ ಉಪವಾಸ ಬಿತ್ತು?

ಗಿಡಕ್ಕೆ ಹಲ್ಲಿಲ್ಲ. ಅದಕ್ಕೆ ಗೊತ್ತಿರುವುದು ಕುಡಿಯುವುದು ಮಾತ್ರ. ಮಣ್ಣಿನಲ್ಲಿ ಏನೇ ಇದ್ದರೂ ನೀರಿನಲ್ಲಿ ಕರಗಿ ಬೇರಿನ ಬಾಯಿಗೆ ಬರಬೇಕು. ಬರುವ ದಾರಿ ಮೂರು.

ಒಂದನೆಯದು ಹರಿದು ಬರುವುದು. ಎಲೆಯಿಂದ ನೀರು ಆವಿಯಾದ ಹಾಗೆ ಬೇರು ಕೆಳಗಿಂದ ನೀರು ಎಳೆಯುತ್ತದೆ. ಆ ನೀರಿನ ಜೊತೆ ಕರಗಿದ ಸಾರಜನಕ, ಸುಣ್ಣ, ಮೆಗ್ನೀಸಿಯಂ, ಗಂಧಕ ಬರುತ್ತವೆ. ನೆಲ ಒಣಗಿದಾಗ ಗಿಡ ಜೀವ ಉಳಿಸಿಕೊಳ್ಳಲು ಎಲೆಯ ಸಣ್ಣ ಕಂಡಿಗಳನ್ನು ಮುಚ್ಚುತ್ತದೆ. ನೀರಿನ ಎಳೆತ ನಿಂತರೆ ಇವುಗಳ ಬರವೂ ನಿಂತಂತೆ.

ಎರಡನೆಯದು ತೆವಳಿ ಬರುವುದು. ರಂಜಕ ಮತ್ತು ಪೊಟ್ಯಾಷ್ ಹೆಚ್ಚಾಗಿ ಹೀಗೆ ಬರುತ್ತವೆ. ಮಣ್ಣಿನ ಕಣದ ಸುತ್ತ ನೀರಿನ ತೆಳು ಪೊರೆ ಇರುತ್ತದೆ. ಅದೇ ಅವಕ್ಕೆ ರಸ್ತೆ. ಒಣಗುತ್ತಾ ಬಂದ ಹಾಗೆ ಪೊರೆ ತೆಳುವಾಗಿ ಅಲ್ಲಲ್ಲಿ ಕಡಿದುಹೋಗುತ್ತದೆ. ರಂಜಕ ಮೊದಲೇ ಸೋಮಾರಿ. ಹಸಿ ಮಣ್ಣಿನಲ್ಲೂ ಅದು ಇದ್ದ ಜಾಗದಿಂದ ಸರಿಯುವುದು ಕೂದಲೆಳೆಯಷ್ಟು. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಅದನ್ನು ಇನ್ನೂ ಬಿಗಿಯಾಗಿ ಹಿಡಿದಿರುತ್ತದೆ. ಹಾಗಾಗಿ ಬರದಲ್ಲಿ ಮೊದಲು ಕೈತಪ್ಪುವುದು ರಂಜಕ.

ಮೂರನೆಯದು ಬೇರೇ ಹುಡುಕಿಕೊಂಡು ಹೋಗುವುದು. ಒಣಗಿದ ಕೆಂಪು ಮಣ್ಣು ಕಲ್ಲಿನಂತೆ. ಎಳೆ ಬೇರು ತೂರಲಾರದು. ಗೊಬ್ಬರ ಹೀರುವ ರೋಮದಂಥ ಬೇರುಗಳು ಮೇಲಿನ ಮಣ್ಣಲ್ಲೇ ಜಾಸ್ತಿ. ಮೊದಲು ಒಣಗುವುದೂ ಮೇಲಿನ ಮಣ್ಣೇ.

ಮೂರು ದಾರಿಯೂ ಮುಚ್ಚಿದ ಹೊಲಕ್ಕೆ ನಾನು ಇನ್ನಷ್ಟು ಗೊಬ್ಬರ ಸುರಿದಿದ್ದೆ. ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಡುವುದನ್ನು ನೀವು ನೋಡಿದ್ದೀರಿ. ಇರುವ ಚೂರು ಪಸೆಯಲ್ಲಿ ಗೊಬ್ಬರ ಕರಗಿ ಗಟ್ಟಿಯಾದರೆ ಬೇರಿಗೂ ಹಾಗೇ ಆಗುತ್ತದೆ. ನೀರು ಒಳಗೆ ಹೋಗುವುದು ಕಷ್ಟವಾಗುತ್ತದೆ. ಎಲೆಯಂಚು ಸುಟ್ಟದ್ದಕ್ಕೆ ಬಾಯಾರಿಕೆಯ ಜೊತೆಗೆ ಇದೂ ಸೇರಿತ್ತು. ನೆಲದ ಮೇಲೇ ಬಿದ್ದ ಯೂರಿಯಾದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೇಕೆಯ ದುಡ್ಡೂ ಅದರ ಜೊತೆ ಹೋಯ್ತು ಅನ್ನಿ.

ಬೇರಿನ ಗಂಟು ನೋಡಿ

ರಾಗಿಗೂ ಅವರೆಗೂ ಒಂದು ವ್ಯತ್ಯಾಸ ಇದೆ. ಅವರೆ, ಅಲಸಂದೆ, ಹುರುಳಿ, ತೊಗರಿ, ಇವೆಲ್ಲ ಬೇರಿನ ಗಂಟಿನೊಳಗೆ ಒಂದು ಜಾತಿ ಸೂಕ್ಷ್ಮಜೀವಿ ಸಾಕಿಕೊಂಡಿವೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಾಳಿಯಲ್ಲಿರುವ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಈ ಗಂಟು ನೀರಿನ ವಿಷಯದಲ್ಲಿ ಬಹಳ ಸೂಕ್ಷ್ಮ. ಎಲೆ ಬಾಡಿ ನಮ್ಮ ಕಣ್ಣಿಗೆ ಬೀಳುವ ಮೊದಲೇ ಗಂಟಿನ ಕೆಲಸ ನಿಧಾನವಾಗಿರುತ್ತದೆ. ಒಣಗಿದ್ದು ಹೆಚ್ಚು ದಿನವಾದರೆ ಗಂಟು ಸುಕ್ಕಾಗಿ ಕಳಚಿ ಬೀಳುತ್ತದೆ. ಅದಕ್ಕೇ ಬರದ ಅವರೆ ಹಳದಿಯಾಗುವುದು.

ಪರೀಕ್ಷೆ ಸುಲಭ. ಕೈಯಲ್ಲಿ ಕೀಳಬೇಡಿ, ಗಂಟು ಮಣ್ಣಲ್ಲೇ ಉಳಿದುಬಿಡುತ್ತದೆ. ಗುದ್ದಲಿಯಲ್ಲಿ ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ, ನೀರಲ್ಲಿ ನೆನೆಸಿ ತೊಳೆಯಿರಿ. ಗಂಟನ್ನು ಉಗುರಿನಲ್ಲಿ ಸೀಳಿ. ಒಳಗೆ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಹಸಿರು ಅಥವಾ ಕಂದು ಇದ್ದರೆ ನಿಂತಿದೆ. 2023ರ ನನ್ನ ಹೊಲದಲ್ಲಿ ಕಿತ್ತ ಗಿಡದಲ್ಲಿ ಕೆಂಪು ಗಂಟು ಒಂದೂ ಇರಲಿಲ್ಲ. ಯೂರಿಯಾ ಜಾಸ್ತಿಯಾದರೂ ಗಂಟು ಸೋಮಾರಿಯಾಗುತ್ತದೆ ಅಂತ ಆಮೇಲೆ ತಿಳೀತು. ಕೂಲಿಯವನಿಗೆ ಕೆಲಸವೂ ಇಲ್ಲ, ಊಟವೂ ಇಲ್ಲ ಅನ್ನೋ ಹಾಗೆ ಮಾಡಿದ್ದೆ.

ಆದ್ದರಿಂದ ಹಳದಿ ಕಂಡ ಕೂಡಲೇ ಅಂಗಡಿಗೆ ಓಡಬೇಡಿ. ಸಾಲಿನ ಪಕ್ಕ ಗೇಣು ಆಳ ತೋಡಿ ಮಣ್ಣು ಹಿಡಿದು ಅದುಮಿ. ಉಂಡೆ ನಿಂತರೆ ಪಸೆ ಇದೆ, ಹಳದಿಗೆ ಬೇರೆ ಕಾರಣ ಹುಡುಕಬೇಕು. ಪುಡಿಪುಡಿಯಾಗಿ ಉದುರಿದರೆ ಗಿಡಕ್ಕಿರುವುದು ಬಾಯಾರಿಕೆ.

ಈಗ ನಾನು ಮಾಡುವುದು

ಗೊಬ್ಬರ ಬಿತ್ತುವಾಗಲೇ, ಕೆಳಗೆ. ರಂಜಕ ತಾನಾಗಿ ಬೇರಿನ ಹತ್ತಿರ ಬರುವುದಿಲ್ಲ, ನಾವೇ ಬೇರು ಇಳಿಯುವ ಕಡೆ ಇಡಬೇಕು. ಬೀಜಕ್ಕಿಂತ ಎರಡು ಮೂರು ಬೆರಳು ಕೆಳಗೆ ಅಥವಾ ಪಕ್ಕಕ್ಕೆ, ಬೀಜಕ್ಕೆ ತಾಗದ ಹಾಗೆ. ಮೇಲಿನ ಮಣ್ಣು ಒಣಗಿದ ಮೇಲೂ ಅಲ್ಲಿ ಪಸೆ ಇರುತ್ತದೆ. ಮಳೆಯಾಶ್ರಯದ ಅವರೆಗೆ ಶಿಫಾರಸು ಹೆಕ್ಟೇರಿಗೆ 25 ಕೆಜಿ ಸಾರಜನಕ, 50 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್. ಅಂದರೆ ಎಕರೆಗೆ ಸುಮಾರು 10, 20, 10 ಕೆಜಿ. 43 ಕೆಜಿ ಡಿಎಪಿ ಹಾಕಿದರೆ ರಂಜಕ ಪೂರಾ ಬಂತು, ಸಾರಜನಕವೂ 8 ಕೆಜಿ ಹತ್ತಿರ ಬಂತು. ಅದರ ಜೊತೆ 17 ಕೆಜಿ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಇದು ಬರೀ ಅವರೆ ಇಟ್ಟ ಎಕರೆಗೆ. ಅಕ್ಕಡಿ ಸಾಲಿಗೆ ಅದರ ಪಾಲಿನಷ್ಟೇ ಸಾಕು. ಪೊಟ್ಯಾಷ್ ಬಿಡಬೇಡಿ. ಎಲೆಯ ಕಂಡಿ ತೆರೆದು ಮುಚ್ಚಿ ನೀರು ಉಳಿಸುವ ಕೆಲಸಕ್ಕೆ ಗಿಡಕ್ಕೆ ಅದೇ ಬೇಕು.

ಬೀಜೋಪಚಾರ. ದಪ್ಪ ಕಾಳನ್ನೇ ಆರಿಸುತ್ತೇನೆ. ಮೊಳಕೆಯ ಮೊದಲ ದಿನಗಳಿಗೆ ಬೇಕಾದ ರಂಜಕ ಕಾಳಿನೊಳಗೇ ಇರುತ್ತದೆ, ಸುಕ್ಕು ಕಾಳಿನಲ್ಲಿ ಕಡಿಮೆ. ರೈಜೋಬಿಯಂ ಪುಡಿಯನ್ನು ಆರಿದ ಬೆಲ್ಲದ ಪಾಕದಲ್ಲಿ ಬೀಜಕ್ಕೆ ಅಂಟಿಸಿ, ನೆರಳಲ್ಲಿ ಒಣಗಿಸಿ, ಅವತ್ತೇ ಬಿತ್ತುತ್ತೇನೆ. ಪುಡಿಯ ಪೊಟ್ಟಣದ ಮೇಲೆ ತಾರೀಖು ನೋಡಿ ಕೊಳ್ಳಿ. ಬಿಸಿಲಲ್ಲಿ ಇಟ್ಟರೆ ಅದು ಸತ್ತ ಹಾಗೇ.

ತಿಪ್ಪೆಗೊಬ್ಬರ ಸಾಲಿಗೆ. ಹೊಲಕ್ಕೆಲ್ಲ ಎರಚುವಷ್ಟು ನಮ್ಮಲ್ಲಿಲ್ಲ. ಇರುವ ಎರಡು ಹಸುವಿನ ಗೊಬ್ಬರವನ್ನು ಅವರೆ ಸಾಲಿಗೇ ಬಿಡುತ್ತೇನೆ. 2024ರಲ್ಲಿ ಪರೀಕ್ಷೆಗೆ ಅಂತ ಆರು ಸಾಲಿಗೆ ಹಾಕಿ, ಪಕ್ಕದ ಆರು ಸಾಲು ಬಿಟ್ಟೆ. ನಡುವೆ ಮೂರು ವಾರ ಮಳೆ ಇಲ್ಲದಾಗ ಎರಡೂ ಕಡೆ ಗಿಡ ಎಬ್ಬಿಸಿ ನೋಡಿದೆ. ಗೊಬ್ಬರದ ಸಾಲಿನ ಮಣ್ಣು ಇನ್ನೂ ಉಂಡೆ ಕಟ್ಟುತ್ತಿತ್ತು, ಗಂಟು ಕೆಂಪಗಿತ್ತು. ಪಕ್ಕದ ಸಾಲಲ್ಲಿ ಗಂಟು ಕಂದು ತಿರುಗಿತ್ತು. ಯಾವ ಪುಸ್ತಕಕ್ಕಿಂತ ಆ ಎರಡು ಹೆಂಟೆ ನನಗೆ ಚೆನ್ನಾಗಿ ಪಾಠ ಹೇಳಿದವು.

ಕುಂಟೆ ನಿಲ್ಲಿಸಬಾರದು. ಮಳೆ ಬಿದ್ದು ಹದ ಬಂದ ಕೂಡಲೇ ಎಡೆಕುಂಟೆ ಹೊಡೆದರೆ ಮೇಲ್ಮಣ್ಣಿನ ಬಿರುಕು ಮುಚ್ಚಿ ಪಸೆ ಉಳಿಯುತ್ತದೆ. ಕಳೆಯೂ ಪಾಲಿಗೆ ಬರುವುದಿಲ್ಲ. ಕಿತ್ತ ಕಳೆ, ಬದುವಿನ ಹೊಂಗೆ ಸೊಪ್ಪು ಸಾಲಿನ ಬುಡಕ್ಕೇ ಹಾಸುತ್ತೇನೆ. ರಾಗಿ ಹುಲ್ಲು ಹಾಸಿ ಅಂತ ಕೆಲವರು ಹೇಳುತ್ತಾರೆ. ಅದು ದನದ ಬಾಯಿಗೇ ಸಾಲದು, ನಾನು ಹಾಸುವುದಿಲ್ಲ.

ಎಲೆಗೆ ಸ್ವಲ್ಪ ಕೈತುತ್ತು. ಬೇರಿನ ದಾರಿ ಮುಚ್ಚಿದಾಗ ಎಲೆಯ ದಾರಿಯಲ್ಲಿ ಒಂದಷ್ಟು ಕೊಡಬಹುದು. 10 ಲೀಟರ್ ನೀರಿಗೆ 200 ಗ್ರಾಂ ಡಿಎಪಿ ಲೆಕ್ಕ. ಹಿಂದಿನ ದಿನವೇ ಸ್ವಲ್ಪ ನೀರಲ್ಲಿ ನೆನೆಹಾಕಿ, ಮೇಲಿನ ತಿಳಿ ಬಸಿದು, ಉಳಿದ ನೀರು ಬೆರೆಸಿ ಸಂಜೆ ಹೊತ್ತು ಹೊಡೆಯಬೇಕು. ಹೂ ಬರುವಾಗ ಒಂದು ಸಲ, ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಪೂರ್ತಿ ಬಾಡಿ ನಿಂತ ಗಿಡಕ್ಕೆ ಹೊಡೆಯಬೇಡಿ, ಎಲೆ ಸುಡುತ್ತದೆ. ಇದು ಹಸಿದವನಿಗೆ ಕೈತುತ್ತು ಇಟ್ಟ ಹಾಗೆ, ಪೂರಾ ಊಟ ಅಲ್ಲ.

ಕೃಷಿಹೊಂಡ ಇದ್ದವರು ಇರುವ ನೀರನ್ನು ಮೊಗ್ಗು ಬರುವಾಗ ಮತ್ತು ಕಾಳು ಕಟ್ಟುವಾಗ ಕೊಡಲಿ. ಒಂದು ಸಲ ತೆಳ್ಳಗೆ ನೀರು ಹಾಯಿಸಿದರೆ ಮಣ್ಣಲ್ಲಿ ಸಿಕ್ಕಿಬಿದ್ದ ಗೊಬ್ಬರದ ದಾರಿ ಮತ್ತೆ ತೆರೆಯುತ್ತದೆ. ಆ ಹೊತ್ತಿನಲ್ಲಿ ಒಂದು ಮೂಟೆ ಗೊಬ್ಬರಕ್ಕಿಂತ ಅದು ಹೆಚ್ಚು.

ಕೊನೆಗೆ

ಇಷ್ಟು ಮಾಡಿದರೆ ಬರ ಗೆಲ್ಲಬಹುದು ಅಂತ ನಾನು ಹೇಳುವುದಿಲ್ಲ. ಎರಡು ತಿಂಗಳು ಮಳೆಯೇ ಇಲ್ಲದಿದ್ದರೆ ಯಾರ ಉಪಾಯವೂ ನಡೆಯದು. ಆದರೆ ಮೂರು ವಾರದ ಒಣಗಾಲ ದಾಟಿಸಬಹುದು. ನಮ್ಮ ಕಡೆ ಹೆಚ್ಚು ವರ್ಷ ಕೆಡಿಸುವುದು ಈ ಮೂರು ವಾರವೇ. ಅದಕ್ಕಿಂತ ದೊಡ್ಡ ಲಾಭ ಅಂದರೆ, ಒಣ ನೆಲಕ್ಕೆ ದುಡ್ಡು ಸುರಿಯುವುದು ನಿಲ್ಲುತ್ತದೆ.

ಉಳಿದ ಒಂದು ಸೇರು ಬೀಜದಲ್ಲಿ ದಪ್ಪ ಕಾಳು ಆರಿಸಿ 2024ರಲ್ಲಿ ಗೊಬ್ಬರದ ಸಾಲಿಗೇ ಹಾಕಿದ್ದೆ. ಈಗ ಮಡಕೆ ಮತ್ತೆ ತುಂಬಿದೆ. ನಮ್ಮ ಮನೆಯವಳು ಅದರ ಬಾಯಿಗೆ ಬಟ್ಟೆ ಕಟ್ಟುವಾಗ ಮುದ್ದೆ ಸಾರಿನ ಮಾತು ಇನ್ನೊಂದು ಸಲ ಎತ್ತಿದಳು. ಈ ಸಲ ನಾನು ಸುಮ್ಮನೆ ಒಪ್ಪಿಕೊಂಡೆ.

ಅಲಸಂದೆ, ಹುರುಳಿಯಲ್ಲಿ ಹೀಗೆ ಗಂಟು ಸೀಳಿ ನೋಡಿದವರು ಇದ್ದರೆ ಪತ್ರಿಕೆಗೆ ಬರೆಯಿರಿ. ಹುರುಳಿ ಅವರೆಗಿಂತ ಗಟ್ಟಿ ಅನ್ನುತ್ತಾರೆ. ಅದರ ಗಂಟು ಎಷ್ಟು ದಿನ ತಡೆಯುತ್ತದೆ ಅಂತ ನಿಮ್ಮ ಹೊಲದಲ್ಲಿ ಕಂಡದ್ದನ್ನು ಓದುವ ಆಸೆ ನನಗಿದೆ.