ಹೊಳೆಗೆ ಬಿಡುವ ನೀರಿನ ಮಿತಿ: ಪಟ್ಟಣದ ತಕರಾರು ಮತ್ತು ನಮ್ಮ ಪಾಲು



ಪಟ್ಟಣದ ಕೊಳಚೆ ನೀರನ್ನು ಇಂತಿಷ್ಟು ಶುದ್ಧಿ ಮಾಡಿದ ಮೇಲೆಯೇ ಹೊಳೆಗೆ ಬಿಡತಕ್ಕದ್ದೆಂದು ಮೇಲಿನವರು ಹೇಳುವುದು, ಅದು ನಮ್ಮ ಶಕ್ತಿಗೆ ಮೀರಿದ್ದೆಂದು ಸ್ಥಳೀಯ ಆಡಳಿತ ವಾದಿಸುವುದು ಹೊಸದಲ್ಲ. ಇದು ಪೇಟೆಯವರ ಜಗಳ, ತೋಟದವರಿಗೇನು ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ನಮಗೆ ಇದರಲ್ಲಿ ಎರಡು ವಿಧದ ಸಂಬಂಧವಿದೆ. ಕಾವೇರಿ, ಹೇಮಾವತಿ, ಲೋಕಪಾವನಿಯ ನೀರು ಬಳಸುವವರೂ ನಾವೇ; ಗೊಬ್ಬರ ಹಾಕುವವರೂ ನಾವೇ.

ಮಿತಿ ಯಾವುದಕ್ಕೆ?

ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ ಬೇರೇನೂ ಅಲ್ಲ, ನಾವು ಯೂರಿಯಾ, ಸೂಪರ್ ಫಾಸ್ಫೇಟ್ ರೂಪದಲ್ಲಿ ಹಣ ಕೊಟ್ಟು ತರುವ ಆಹಾರಾಂಶಗಳೇ. ತೋಟದಲ್ಲಿ ಗಿಡ ಬೆಳೆಸುವ ಇವು ಕೆರೆಯಲ್ಲಿ ಪಾಚಿ ಮತ್ತು ಜಲಕಳೆ ಬೆಳೆಸುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ. ಸಾರಜನಕವು ನೈಟ್ರೇಟ್ ಆಗಿ ಬಾವಿಗೆ ಇಳಿದು, ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ, ಕೈಕೂಸುಗಳಿಗಂತೂ ಅಪಾಯ.

ನಡೆದು ಬಂದ ದಾರಿ

2015ರಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ಪ್ರಕಟಿಸಿದ ಕರಡಿನಲ್ಲಿ ಶುದ್ಧೀಕರಿಸಿದ ನೀರಿಗೆ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಎಂಬ ಮಿತಿ ಇತ್ತು. 2017ರ ಅಕ್ಟೋಬರಿನ ಅಂತಿಮ ಆದೇಶದಲ್ಲಿ ಅದನ್ನು ಕೈಬಿಡಲಾಯಿತು. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ಸಡಿಲಿಕೆಯನ್ನು ಒಪ್ಪದೆ, ಸಾರಜನಕಕ್ಕೆ 10, ಕೆರೆಕೊಳಗಳಿಗೆ ಬಿಡುವ ನೀರಿನ ರಂಜಕಕ್ಕೆ 1 ಮಿಲಿಗ್ರಾಂ ಮಿತಿಯನ್ನು ಹೇಳಿತು. ಇದಕ್ಕೂ ಮೊದಲು, 2018ರಲ್ಲಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ರಾಜ್ಯದ 17 ಮಲಿನ ನದೀಭಾಗಗಳಲ್ಲಿ ರಂಗನತಿಟ್ಟಿನಿಂದ ಕೆಳಗಿನ ಕಾವೇರಿಯೂ ಸೇರಿತ್ತು.

ಬೆಳ್ಳಂದೂರು ಕೆರೆ ನೊರೆಯುಕ್ಕಿ ಬೆಂಕಿ ಹತ್ತಿದ್ದನ್ನು ಎಲ್ಲರೂ ಬಲ್ಲರು. ಆ ಪ್ರಕರಣದಲ್ಲಿ 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ 50 ಕೋಟಿ, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 25 ಕೋಟಿ ರೂಪಾಯಿ ಕಟ್ಟಬೇಕೆಂದು ನ್ಯಾಯಮಂಡಳಿ ಆದೇಶಿಸಿತು.

ತಕರಾರಿನಲ್ಲಿ ಹುರುಳಿದೆಯೇ?

ಸ್ವಲ್ಪ ಇದೆ. ಸಾರಜನಕ ತೆಗೆಯಲು ಮೊದಲು ಗಾಳಿಯೂದಿ ಅಮೋನಿಯಾವನ್ನು ನೈಟ್ರೇಟ್ ಮಾಡಬೇಕು. ಆಮೇಲೆ ಗಾಳಿಯಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಅನಿಲವಾಗಿಸಬೇಕು. ರಂಜಕಕ್ಕೆ ಆಲಂ ಮುಂತಾದ ಲವಣ ಬೇಕು. ಇದಕ್ಕೆಲ್ಲ ಹಗಲೂ ರಾತ್ರಿ ವಿದ್ಯುತ್ತು ಮತ್ತು ತರಬೇತಾದ ಸಿಬ್ಬಂದಿ ಅಗತ್ಯ. ಮನೆಗಂದಾಯ ನೆಚ್ಚಿದ ಸಣ್ಣ ಪುರಸಭೆಗೆ ಇದು ಭಾರವೇ. ಆದರೆ ಖರ್ಚು ಹೆಚ್ಚೆಂದು ಹೊಳೆ ಕೆಡಿಸಿದರೆ ಆ ಖರ್ಚು ತಪ್ಪುವುದಿಲ್ಲ, ಕೆಳಗಿನವರ ತಲೆಗೆ ಬರುತ್ತದೆ.

“ಗದ್ದೆ ತೋಟಗಳಿಂದ ಬರುವ ಗೊಬ್ಬರಕ್ಕೆ ಮಿತಿ ಇಲ್ಲವೇ?” ಎಂಬ ವಾದವೂ ಉಂಟು. ಇದು ನಮ್ಮನ್ನು ಕುರಿತದ್ದು. ಅಮೆರಿಕದ ಚೆಸಪೀಕ್ ಕೊಲ್ಲಿಗೆ 2010ರಲ್ಲಿ ಸಾರಜನಕ, ರಂಜಕಗಳ ಒಟ್ಟು ಮಿತಿ ಗೊತ್ತುಮಾಡಿದಾಗ ಪಟ್ಟಣಗಳ ಜೊತೆಗೆ ಬೇಸಾಯದ ಪಾಲನ್ನೂ ಲೆಕ್ಕಕ್ಕೆ ಹಿಡಿದರು. ರೈತರ ಸಂಘ ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಇಲ್ಲಿಯೂ ಆ ದಿನ ಬರಬಹುದು. ಅದಕ್ಕೆ ಮೊದಲೇ ನಮ್ಮ ಲೆಕ್ಕ ನಾವು ಸರಿಮಾಡಿಕೊಳ್ಳುವುದು ಜಾಣತನ.

ತೋಟದಲ್ಲಿ ಮಾಡಬೇಕಾದ್ದು

ಫಲ ಬಿಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸಿದೆ. 9 ಅಡಿ ಅಂತರದ ಎಕರೆಗೆ ಸುಮಾರು 540 ಮರವೆಂದರೆ 54 ಕಿಲೋ ಸಾರಜನಕ. ಯೂರಿಯಾ ಲೆಕ್ಕದಲ್ಲಿ 117 ಕಿಲೋ. 45 ಕಿಲೋ ಚೀಲವಾದರೆ ಎರಡೂವರೆ ಚೀಲ ಚಿಲ್ಲರೆ. ಇದಕ್ಕಿಂತ ಹೆಚ್ಚು ಹಾಕಿದ್ದು ಬಹುಪಾಲು ಬಸಿಗಾಲುವೆಗೆ.

1. ಗೊಬ್ಬರವನ್ನು ಮೇ-ಜೂನ್ ಮತ್ತು ಸೆಪ್ಟೆಂಬರ್-ಅಕ್ಟೋಬರ್, ಎರಡು ಕಂತಿನಲ್ಲಿ ಕೊಡಿ.
2. ಬುಡ ಬಿಡಿಸಿ ಹಾಕಿ ಮಣ್ಣು ಮುಚ್ಚಿ. ದೊಡ್ಡ ಮಳೆಯ ಮುನ್ನಾದಿನ ಎರಚಬೇಡಿ. ಎರಚಿದ ಕೂಡಲೇ ನಾಲೆ ನೀರು ಹಾಯಿಸಬೇಡಿ.
3. ಮರಕ್ಕೆ 12 ಕಿಲೋ ಹಸಿರೆಲೆ, ಅಷ್ಟೇ ಕೊಟ್ಟಿಗೆ ಗೊಬ್ಬರ ತಪ್ಪಿಸಬೇಡಿ. ಮಣ್ಣು ಪರೀಕ್ಷೆ ಮಾಡಿಸಿ.
4. ಕಾಫಿ ಹಣ್ಣು ಪಲ್ಪ್ ಮಾಡುವ ಸದಸ್ಯರು ಆ ನೀರನ್ನು ಹಳ್ಳಕ್ಕೆ ಬಿಡದೆ ಹೊಂಡದಲ್ಲಿ ನಿಲ್ಲಿಸಿ.

ಪುರಸಭೆಗಳ ಮುಂದೆ ಇಡಬಹುದಾದ ಒಂದು ಸಲಹೆಯೂ ಇದೆ. ಲೀಟರಿಗೆ 30 ಮಿಲಿಗ್ರಾಂ ಸಾರಜನಕವುಳ್ಳ 10 ಲಕ್ಷ ಲೀಟರು ನೀರಿನಲ್ಲಿ 30 ಕಿಲೋ ಸಾರಜನಕವಿರುತ್ತದೆ. ಎರಡು ದಿನದ ನೀರಿನಲ್ಲಿ ಒಂದೆಕರೆ ಅಡಿಕೆಯ ವರ್ಷದ ಪಾಲು! ರೋಗಾಣು ನಿವಾರಿಸಿ, ಉಪ್ಪಿನಂಶ ಪರೀಕ್ಷಿಸಿ, ಹಸಿಯಾಗಿ ತಿನ್ನುವ ತರಕಾರಿಯನ್ನು ಬಿಟ್ಟು ಮರದ ಬೆಳೆಗೆ ಮಿತವಾಗಿ ಕೊಟ್ಟರೆ ಅವರ ಖರ್ಚೂ ಇಳಿದೀತು, ನಮ್ಮ ಯೂರಿಯಾವೂ ಉಳಿದೀತು. ಬೇಕಾಬಿಟ್ಟಿ ಹರಿಸಿದರೆ ಮಾತ್ರ ಬಾವಿಗಳು ಕೆಡುತ್ತವೆ. ಬೆಂಗಳೂರಿನ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದ್ದು, ಅಲ್ಲಿನ ರೈತರು ಮೂರನೆಯ ಹಂತದ ಶುದ್ಧೀಕರಣ ಕೇಳಿದ್ದು ಇದೇ ಭಯದಿಂದ.

ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚಿಸಿ ಪುರಸಭೆಗಳಿಗೆ ಮನವಿ ಸಲ್ಲಿಸೋಣ. ಸದಸ್ಯರು ತಮ್ಮ ಬಾವಿ ನೀರಿನ ಪರೀಕ್ಷಾ ವರದಿಯೊಂದಿಗೆ ಬರಬೇಕಾಗಿ ವಿನಂತಿ.

— ಕಾರ್ಯದರ್ಶಿ