ಭೂಮಿಯ ಕಾಂತಕ್ಷೇತ್ರ: ತಡೆ ಮತ್ತು ಸೆರೆ

ವಿದ್ಯುದಾವಿಷ್ಟವಾದ ಕಣವು ಅಯಸ್ಕಾಂತದ ಬಲರೇಖೆಗಳನ್ನು ಅಡ್ಡಹಾಯಲು ಯತ್ನಿಸಿದರೆ ಅದರ ಮಾರ್ಗವು ಬಾಗುತ್ತದೆ. ರೇಖೆಯ ಗುಂಟ ಸಾಗಿದರೆ ಬಾಗುವುದಿಲ್ಲ. ಭೂಮಿಯೇ ಒಂದು ಮಹಾಕಾಂತವಾದುದರಿಂದ ಈ ಒಂದು ನಿಯಮದಿಂದ ಎರಡು ಪರಿಣಾಮಗಳು ಒದಗುತ್ತವೆ: ಹೊರಗಿನ ಕಣಗಳಿಗೆ ತಡೆ, ಒಳಗೆ ಸಿಕ್ಕಿದ ಕಣಗಳಿಗೆ ಸೆರೆ.

ತಡೆಯ ಅಧ್ಯಯನದಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವುಂಟು. ಮಂಗಳೂರು, ಬೆಂಗಳೂರುಗಳು ಕಾಂತೀಯ ಸಮಭಾಜಕಕ್ಕೆ ಸಮೀಪವಾಗಿವೆ. ಇಲ್ಲಿ ಬಲರೇಖೆಗಳು ನೆಲಕ್ಕೆ ಬಹುಮಟ್ಟಿಗೆ ಸಮಾಂತರವಾಗಿರುವುದರಿಂದ, ಮೇಲಿನಿಂದ ಇಳಿಯುವ ವಿಶ್ವಕಿರಣದ ಕಣವು ಅವನ್ನು ಅಡ್ಡಹಾಯ್ದೇ ಬರಬೇಕು. ಅದಕ್ಕೆ 1,500 ಕೋಟಿ ಎಲೆಕ್ಟ್ರಾನ್ ವೋಲ್ಟಿಗೂ ಮಿಗಿಲಾದ ಶಕ್ತಿ ಬೇಕು. ಧ್ರುವಗಳ ಬಳಿ ಈ ತಡೆ ಅತ್ಯಲ್ಪ. 1939-40ರ ಚಳಿಗಾಲದಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್, ವಿಕ್ಟರ್ ನೆಹರ್, ವಿಲಿಯಂ ಪಿಕರಿಂಗ್ ಇವರು ಭಾರತಕ್ಕೆ ಬಂದು, ಬೆಂಗಳೂರು, ಆಗ್ರಾ, ಪೇಶಾವರಗಳಿಂದ ಬಲೂನುಗಳನ್ನು ಹಾರಿಸಿ, ಅಕ್ಷಾಂಶಕ್ಕೆ ಅನುಗುಣವಾಗಿ ವಿಶ್ವಕಿರಣಗಳ ತೀವ್ರತೆ ಹೇಗೆ ವ್ಯತ್ಯಾಸವಾಗುವುದೆಂಬುದನ್ನು ಅಳೆದರು.

ಸೆರೆಯ ಸಂಗತಿ ಬೆಳಕಿಗೆ ಬಂದುದು 1958ರಲ್ಲಿ. ಆ ವರ್ಷದ ಜನವರಿ 31ರಂದು ಅಮೆರಿಕವು ಹಾರಿಸಿದ ಎಕ್ಸ್‌ಪ್ಲೋರರ್-1 ಉಪಗ್ರಹವನ್ನು ನಿರ್ಮಿಸಿದ ಪ್ರಯೋಗಾಲಯಕ್ಕೆ ಅದೇ ಪಿಕರಿಂಗ್ ನಿರ್ದೇಶಕರಾಗಿದ್ದರು. ಅದರಲ್ಲಿ ಜೇಮ್ಸ್ ವಾನ್ ಆಲೆನ್ ತಂಡದವರು ಗೈಗರ್ ಎಣಿಕೆಯಂತ್ರವನ್ನು ಇರಿಸಿದ್ದರು. ಆ ಯಂತ್ರವು ಹೆಚ್ಚಿನ ಎತ್ತರಗಳಲ್ಲಿ ಕಣವೇ ಇಲ್ಲವೆಂಬಂತೆ ಮೌನವಾಯಿತು. ಮಾರ್ಚ್ ತಿಂಗಳಲ್ಲಿ ಹಾರಿದ ಎಕ್ಸ್‌ಪ್ಲೋರರ್-3ರ ಧ್ವನಿಮುದ್ರಿತ ದಾಖಲೆಯಲ್ಲಿಯೂ ಎಣಿಕೆಯು ಏರಿ ಏರಿ ಒಮ್ಮೆಗೇ ಶೂನ್ಯಕ್ಕಿಳಿದಿತ್ತು. ಒಂದು ಕಣವನ್ನು ಎಣಿಸಿದ ಮೇಲೆ ಈ ಯಂತ್ರಕ್ಕೆ ಕ್ಷಣಮಾತ್ರದ ವಿರಾಮ ಬೇಕು; ಕಣಗಳು ಎಡೆಬಿಡದೆ ನುಗ್ಗಿದರೆ ಅದು ಸ್ತಬ್ಧವಾಗುತ್ತದೆ. ಕಾರ್ಲ್ ಮೆಕಿಲ್ವೈನ್ ಅದನ್ನು ತೀವ್ರವಾದ ಕ್ಷ-ಕಿರಣಗಳಿಗೆ ಒಡ್ಡಿ ಇದನ್ನು ತೋರಿಸಿದರು. ಮೇ 1ರಂದು ವಾನ್ ಆಲೆನ್ ಈ ಶೋಧವನ್ನು ಪ್ರಕಟಿಸಿದರು.

ಸೆರೆಸಿಕ್ಕ ಕಣವು ಬಲರೇಖೆಯನ್ನು ಸುತ್ತುತ್ತಾ ಧ್ರುವದ ಕಡೆಗೆ ಸಾಗುತ್ತದೆ. ಅಲ್ಲಿ ಕ್ಷೇತ್ರವು ಬಲಗೊಳ್ಳುವುದರಿಂದ ಹಿಂದಿರುಗಿ ಎದುರು ಧ್ರುವದತ್ತ ಹೊರಡುತ್ತದೆ. ಹೀಗೆ ತೂಗಾಡುತ್ತಲೇ ಪ್ರೋಟಾನುಗಳು ಪಶ್ಚಿಮಕ್ಕೂ ಎಲೆಕ್ಟ್ರಾನುಗಳು ಪೂರ್ವಕ್ಕೂ ಸರಿದು ಭೂಮಿಯನ್ನು ಬಳಸುತ್ತವೆ.

ತಡೆಗೂ ಸೆರೆಗೂ ಇರುವ ಸಂಬಂಧವು ಇಲ್ಲಿ ಗಮನಾರ್ಹವಾಗಿದೆ. ತಡೆಯನ್ನು ಭೇದಿಸಿ ಬಂದ ವಿಶ್ವಕಿರಣವು ವಾಯುಮಂಡಲದ ಪರಮಾಣುವಿಗೆ ಬಡಿದಾಗ ನ್ಯೂಟ್ರಾನುಗಳು ಹೊರಚಿಮ್ಮುತ್ತವೆ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಆದುದರಿಂದ ಕ್ಷೇತ್ರವು ಅದನ್ನು ಹಿಡಿಯಲಾರದು. ಮೇಲೇರುವ ದಾರಿಯಲ್ಲಿ ಅದು ಒಡೆದು ಪ್ರೋಟಾನನ್ನು ಹೊರಗೆಡಹಿದೊಡನೆ ಆ ಪ್ರೋಟಾನು ಸೆರೆಯಾಗುತ್ತದೆ. ಒಳವಲಯದ ಪ್ರಬಲ ಪ್ರೋಟಾನುಗಳ ಮುಖ್ಯ ಮೂಲವಿದು.

ಇತಿಹಾಸದ ವಿದ್ಯಾರ್ಥಿಗೂ ಈ ಶೋಧದಿಂದ ಒಂದು ಪಾಠವುಂಟು. ದಾಖಲೆಯು ಮೌನವಾಗಿದ್ದ ಮಾತ್ರಕ್ಕೆ ಅಲ್ಲಿ ಏನೂ ನಡೆಯಲಿಲ್ಲವೆಂದು ತೀರ್ಮಾನಿಸಲಾಗದು. ದಾಖಲಿಸಿದ ಸಾಧನದ ಮಿತಿಯನ್ನು ಮೊದಲು ಪರೀಕ್ಷಿಸಬೇಕು.