ಹಾರ್ಡ್ ಡಿಸ್ಕಿನ ಪೂರ್ಣ ಬ್ಯಾಕಪ್: ವಿಧಾನದ ಆಯ್ಕೆ ಹೇಗೆ?

ಲೆಕ್ಕ ಪರಿಶೋಧನೆಗೆಂದು ಕಕ್ಷಿದಾರರ ಕಚೇರಿಗೆ ಹೋದಾಗ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಬ್ಯಾಕಪ್ ಇದೆಯೇ?" "ಇದೆ ಸಾರ್, ದಿನಾ ಪೆನ್‌ಡ್ರೈವ್‌ಗೆ ತೆಗೆಯುತ್ತೇವೆ" ಎಂಬುದು ಸಾಮಾನ್ಯ ಉತ್ತರ. ಯಂತ್ರದ ಬಿಡಿಭಾಗ ತಯಾರಿಸುವ ಒಬ್ಬರು ಕೆಲವು ವರ್ಷಗಳ ಹಿಂದೆ ಇದೇ ಉತ್ತರ ಕೊಟ್ಟಿದ್ದರು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅವರ ಕಚೇರಿಯ ಹಾರ್ಡ್ ಡಿಸ್ಕ್ ಕೆಟ್ಟಿತು. ಪೆನ್‌ಡ್ರೈವಿನಲ್ಲಿದ್ದ ಟ್ಯಾಲಿ ಲೆಕ್ಕಗಳು ಅದೇ ಸಂಜೆ ಬೇರೊಂದು ಗಣಕಯಂತ್ರದಲ್ಲಿ ತೆರೆದುಕೊಂಡವು. ಆದರೆ ಜಾಬ್‌ವರ್ಕ್‌ಗೆ ಕಳುಹಿಸಿದ ಮಾಲಿನ ಎಕ್ಸೆಲ್ ವಹಿ, ಗ್ರಾಹಕವಾರು ದರಪಟ್ಟಿ, ಬಿಡಿಭಾಗಗಳ ನಕ್ಷೆಗಳು, ಔಟ್‌ಲುಕ್‌ನಲ್ಲಿದ್ದ ಐದು ವರ್ಷಗಳ ಪತ್ರವ್ಯವಹಾರ ಇವಾವುವೂ ಅದರಲ್ಲಿರಲಿಲ್ಲ. ಕಚೇರಿ ಮೊದಲಿನಂತಾಗಲು ಒಂಬತ್ತು ದಿನ ಹಿಡಿಯಿತು.

ಆ ಜಾಬ್‌ವರ್ಕ್ ವಹಿಯನ್ನು ಹಳೆಯ ಚಲನ್‌ಗಳಿಂದ ಮತ್ತೆ ಬರೆಯಬೇಕಾಯಿತು. ಜಿಎಸ್‌ಟಿ ಕಾಯಿದೆಯ 143ನೇ ಕಲಮಿನ ಪ್ರಕಾರ ಜಾಬ್‌ವರ್ಕ್‌ಗೆ ಹೋದ ಕಚ್ಚಾಮಾಲು ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂತಿರುಗಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು. ತಪ್ಪಿದಲ್ಲಿ, ಕಳುಹಿಸಿದ ದಿನವೇ ಅದನ್ನು ಪೂರೈಕೆ ಮಾಡಿದಂತೆ ಭಾವಿಸಲಾಗುತ್ತದೆ. ಮಾಲು ಬಂದಿದ್ದರೂ ಬಂದುದಕ್ಕೆ ದಾಖಲೆ ತೋರಿಸಲಾಗದವನ ಪಾಡು ಊಹಿಸಬಹುದು. ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂದು 36ನೇ ಕಲಮು ಹೇಳುತ್ತದೆ. ಅಪಘಾತದಿಂದ ದಾಖಲೆ ನಾಶವಾದರೂ ಯುಕ್ತ ಕಾಲದಲ್ಲಿ ಮರಳಿ ಪಡೆಯುವಂತೆ ವಿದ್ಯುನ್ಮಾನ ಬ್ಯಾಕಪ್ ಇರತಕ್ಕದ್ದೆಂದು 57ನೇ ನಿಯಮ ವಿಧಿಸುತ್ತದೆ. ಖಾಸಗಿ ಕಂಪನಿಯಾಗಿ ನೋಂದಾಯಿಸಿಕೊಂಡವರು ಇನ್ನೊಂದನ್ನು ಗಮನಿಸಬೇಕು: 2022ರ ತಿದ್ದುಪಡಿಯ ನಂತರ ಲೆಕ್ಕಗಳ ಬ್ಯಾಕಪ್ ಪ್ರತಿದಿನ, ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕು.

ಆದುದರಿಂದ ಕಡತಗಳ ಪ್ರತಿ ಮಾತ್ರವಲ್ಲದೆ, ಇಡೀ ಡಿಸ್ಕಿನ ಪ್ರತಿಯೂ ಬೇಕು. ಇದಕ್ಕೆ ಎರಡು ಮಾರ್ಗಗಳಿವೆ. ಒಂದು, ಕ್ಲೋನ್: ಒಂದು ಡಿಸ್ಕನ್ನು ಮತ್ತೊಂದರ ಮೇಲೆ ಯಥಾವತ್ತಾಗಿ ಮೂಡಿಸುವುದು. ಹಳೆಯದು ಕೆಟ್ಟರೆ ಹೊಸದನ್ನು ಜೋಡಿಸಿ ಕೆಲಸ ಮುಂದುವರಿಸಬಹುದು. ಎರಡನೆಯದು ಇಮೇಜ್: ವಿಂಡೋಸ್, ತಂತ್ರಾಂಶ, ಕಡತ ಎಲ್ಲವನ್ನೂ ಒತ್ತಿ ಒಂದು ದೊಡ್ಡ ಕಡತವಾಗಿ ಬೇರೊಂದು ಡಿಸ್ಕಿನಲ್ಲಿಡುವುದು. ಇದನ್ನು ಮರಳಿ ಬಿಡಿಸಿದ ಮೇಲಷ್ಟೇ ಗಣಕಯಂತ್ರ ಏಳುತ್ತದೆ.

ಕ್ಲೋನ್ ಆಕರ್ಷಕವಾಗಿ ಕಂಡರೂ ಅದಕ್ಕೆ ನೆನಪಿರುವುದು ಒಂದೇ ದಿನ. ಗುಮಾಸ್ತರು ಹತ್ತು ದಿನಗಳ ಹಿಂದೆ ಅಳಿಸಿದ ಕಡತ ಇಂದು ಬೇಕಾದರೆ, ನಿನ್ನೆ ತೆಗೆದ ಕ್ಲೋನ್‌ನಲ್ಲಿಯೂ ಅದು ಇರುವುದಿಲ್ಲ. ಒಂದೇ ಡಿಸ್ಕಿನಲ್ಲಿ ಹಲವು ದಿನಾಂಕಗಳ ಇಮೇಜ್‌ಗಳನ್ನು ಇಡಬಹುದು. ಡಿಸ್ಕ್ ಬದಲಿಸುವ ಸಂದರ್ಭಕ್ಕೆ ಕ್ಲೋನ್ ಸರಿ, ನಿತ್ಯದ ರಕ್ಷಣೆಗೆ ಇಮೇಜ್ ಮೇಲೆಂಬುದು ನನ್ನ ಅಭಿಪ್ರಾಯ.

ಪ್ರತಿದಿನ ಪೂರ್ಣ ಇಮೇಜ್ ತೆಗೆಯಬೇಕಾಗಿಲ್ಲ. ಪೂರ್ಣ ಇಮೇಜನ್ನು ಆರಂಭಿಕ ಶಿಲ್ಕು ಎಂದು ಭಾವಿಸಿ. ಅನಂತರ ಬದಲಾದುದನ್ನಷ್ಟೇ ಸೇರಿಸುತ್ತಾ ಹೋಗುವ 'ಇಂಕ್ರಿಮೆಂಟಲ್' ವಿಧಾನ ದಿನವಹಿಯಂತೆ. ಜಾಗ ಕಡಿಮೆ ಸಾಕು, ಆದರೆ ನಡುವಿನ ಒಂದು ಪುಟ ಹರಿದರೆ ಮುಂದಿನ ಶಿಲ್ಕು ಕೂಡುವುದಿಲ್ಲ. 'ಡಿಫರೆನ್ಷಿಯಲ್' ವಿಧಾನದಲ್ಲಿ ಆರಂಭದಿಂದ ಇಂದಿನವರೆಗಿನ ಬದಲಾವಣೆಯೆಲ್ಲ ಒಂದೇ ಕಡತದಲ್ಲಿರುತ್ತದೆ. ಜಾಗ ಹೆಚ್ಚು, ಅಪಾಯ ಕಡಿಮೆ. ಸಣ್ಣ ಕಚೇರಿಗೆ ತಿಂಗಳಿಗೊಂದು ಪೂರ್ಣ ಇಮೇಜ್, ವಾರಕ್ಕೊಂದು ಡಿಫರೆನ್ಷಿಯಲ್, ಜೊತೆಗೆ ಟ್ಯಾಲಿಯನ್ನು ಮುಚ್ಚಿದ ನಂತರ ಅದರ ದತ್ತಾಂಶದ ನಿತ್ಯದ ಪ್ರತಿ ಸಾಕು.

ಎಲ್ಲಿ ಇಡಬೇಕು? ಲೆಕ್ಕ ಹಾಕಿ ನೋಡೋಣ. ಡಿಸ್ಕಿನಲ್ಲಿ 300 ಜಿಬಿ ತುಂಬಿದೆ ಎನ್ನಿ. ಯುಎಸ್‌ಬಿ 3.0 ಹೊರ ಡಿಸ್ಕಿಗೆ ಸೆಕೆಂಡಿಗೆ ಸುಮಾರು 100 ಎಂಬಿ ವೇಗದಲ್ಲಿ 50 ನಿಮಿಷ ಸಾಕು. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿಯಂತೆ ಸುಮಾರು ಎರಡೂಮುಕ್ಕಾಲು ಗಂಟೆ. ಅಂತರ್ಜಾಲದ ಮೂಲಕ, 20 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ, ಮೂವತ್ತಮೂರು ಗಂಟೆಗೂ ಮಿಗಿಲು! ಆದಕಾರಣ ಇಮೇಜ್ ಹೊರ ಡಿಸ್ಕಿಗೆ, ನಿತ್ಯದ ಲೆಕ್ಕಪತ್ರ ಕ್ಲೌಡ್‌ಗೆ ಎಂಬ ವಿಂಗಡಣೆ ವ್ಯಾವಹಾರಿಕವಾದುದು.

ಹೊರ ಡಿಸ್ಕ್‌ಗಳು ಎರಡಿರಲಿ. ಒಂದು ಮಾಲೀಕರ ಮನೆಯಲ್ಲಿ, ಒಂದು ಕಚೇರಿಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಕೆಲಸ ಮುಗಿದೊಡನೆ ಡಿಸ್ಕನ್ನು ಕಳಚಿಡಬೇಕು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ಮಾದರಿಯ ಸುಲಿಗೆ ತಂತ್ರಾಂಶಗಳು ಗಣಕಯಂತ್ರಕ್ಕೆ ಜೋಡಿಸಿದ ಡಿಸ್ಕಿನಲ್ಲಿರುವ ಕಡತಗಳಿಗೂ ಬೀಗ ಜಡಿಯುತ್ತವೆ. ಸದಾ ಚುಚ್ಚಿಟ್ಟ ಬ್ಯಾಕಪ್ ಡಿಸ್ಕ್, ತಿಜೋರಿಯ ಕೀಲಿಯನ್ನು ತಿಜೋರಿಯ ಬಾಗಿಲಿಗೇ ತೂಗುಹಾಕಿದಂತೆ.

ತಂತ್ರಾಂಶದ ವಿಚಾರ. ವಿಂಡೋಸ್ 11ರಲ್ಲಿರುವ 'ವಿಂಡೋಸ್ ಬ್ಯಾಕಪ್' ಎಂಬ ಹೆಸರು ನೋಡಿ ಮೋಸಹೋಗಬಾರದು; ಅದು ಕೆಲವು ಫೋಲ್ಡರ್‌ಗಳನ್ನೂ ಹೊಂದಾಣಿಕೆಗಳನ್ನೂ ಒನ್‌ಡ್ರೈವ್‌ಗೆ ಕಳುಹಿಸುತ್ತದೆಯೇ ಹೊರತು ಇಡೀ ಡಿಸ್ಕನ್ನಲ್ಲ. ಕಂಟ್ರೋಲ್ ಪ್ಯಾನೆಲ್‌ನ ಹಳೆಯ ಸಿಸ್ಟಮ್ ಇಮೇಜ್ ಸೌಲಭ್ಯದ ಅಭಿವೃದ್ಧಿಯನ್ನು ಮೈಕ್ರೋಸಾಫ್ಟ್ 2017ರಲ್ಲೇ ಕೈಬಿಟ್ಟು, ಇತರರ ತಂತ್ರಾಂಶ ಬಳಸುವಂತೆ ಸಲಹೆ ನೀಡಿತು. ಕ್ಲೋನ್‌ಜಿಲ್ಲಾ ಉಚಿತ; ಆದರೆ ಅದನ್ನು ಪೆನ್‌ಡ್ರೈವಿನಿಂದ ಚಾಲೂ ಮಾಡಬೇಕು, ಅಲ್ಲಿಯವರೆಗೆ ಬಿಲ್ಲಿಂಗ್ ನಿಲ್ಲುತ್ತದೆ. ವೀಮ್ ಏಜೆಂಟ್‌ನ ಉಚಿತ ಆವೃತ್ತಿ ವಿಂಡೋಸ್ ನಡೆಯುತ್ತಿರುವಾಗಲೇ, ನಿಗದಿಪಡಿಸಿದ ವೇಳೆಗೆ ಕೆಲಸ ಮಾಡುತ್ತದೆ. ಹಲವರು ಬಳಸುತ್ತಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ 2024ರ ಜನವರಿಯಿಂದ ಭದ್ರತಾ ಪರಿಷ್ಕರಣೆ ನಿಂತಿದೆ. ಉಚಿತವೆಂದು ಅಳವಡಿಸುವ ಮುನ್ನ ವಾಣಿಜ್ಯ ಬಳಕೆಗೆ ಅನುಮತಿಯಿದೆಯೇ ಎಂದು ಪರವಾನಗಿಯನ್ನು ಓದಿ.

ಮರಳಿ ಪಡೆಯುವ ದಿನ ಎಡವುವುದು ಸಣ್ಣ ಸಂಗತಿಗಳಲ್ಲಿ. ಗಣಕಯಂತ್ರವನ್ನು ಎಬ್ಬಿಸುವ ರಕ್ಷಣಾ ಪೆನ್‌ಡ್ರೈವನ್ನು ಮೊದಲೇ ಸಿದ್ಧಪಡಿಸಿರಬೇಕು. ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಬೇಕು. ಗಣಕಯಂತ್ರವೇ ಬದಲಾದರೆ ಟ್ಯಾಲಿ ಪರವಾನಗಿಯನ್ನು ಮತ್ತೆ ಸಕ್ರಿಯಗೊಳಿಸಬೇಕಾಗುತ್ತದೆ; ಯಂತ್ರದೊಂದಿಗೆ ಬಂದ ವಿಂಡೋಸ್ ಪರವಾನಗಿ ಹೊಸ ಯಂತ್ರಕ್ಕೆ ಸಾಮಾನ್ಯವಾಗಿ ವರ್ಗವಾಗುವುದಿಲ್ಲ. ಮೇಲೆ ಹೇಳಿದ ಕಕ್ಷಿದಾರರು ಈಗ ವರ್ಷಕ್ಕೆರಡು ಬಾರಿ, ಏಪ್ರಿಲ್ ಹಾಗೂ ಅಕ್ಟೋಬರ್‌ನ ಒಂದು ಭಾನುವಾರ, ಖಾಲಿ ಡಿಸ್ಕೊಂದಕ್ಕೆ ಇಮೇಜ್ ಬಿಡಿಸಿ, ಟ್ಯಾಲಿಯ ಅಂತಿಮ ಶಿಲ್ಕನ್ನೂ ಜಾಬ್‌ವರ್ಕ್ ವಹಿಯ ಕೊನೆಯ ಚಲನ್ ಸಂಖ್ಯೆಯನ್ನೂ ತಾಳೆ ನೋಡುತ್ತಾರೆ. ಕಳೆದ ಬಾರಿ ಎರಡು ಡಿಸ್ಕ್‌ಗಳಲ್ಲಿ ಒಂದರ ಇಮೇಜ್ ತೆರೆಯಲಿಲ್ಲ. ಮರುದಿನವೇ ಹೊಸ ಡಿಸ್ಕ್ ತರಿಸಿದರು.